ಸೋಪಿಗೆ ಸಕಲೇಶಪುರ, ಬಟ್ಟಲಿಗೆ ಅರಸೀಕೆರೆ

ಮರದ ಬಟ್ಟಲಿನಲ್ಲಿ ಬರುವ ದುಬಾರಿ ಶೇವಿಂಗ್ ಸೋಪು ಕೊಂಡವರ ದೂರು ನಮ್ಮ ಕಡೆ ಎರಡು ಥರ. ಸಕಲೇಶಪುರ, ಮೂಡಿಗೆರೆ, ಕೊಪ್ಪದವರಿಗೆ ಬಟ್ಟಲಿನದೇ ಕಾಟ: ಮುಚ್ಚಳ ಕಚ್ಚಿಕೊಂಡಿತು, ಬೂಷ್ಟು ಹಿಡಿಯಿತು, ಅಂಚು ಸೀಳಿತು. ಅರಸೀಕೆರೆ, ಕಡೂರಿನವರಿಗೆ ಬಟ್ಟಲು ಚೆನ್ನಾಗಿಯೇ ಇರುತ್ತದೆ, ನೊರೆ ಏಳುವುದಿಲ್ಲ. ಎರಡೂ ಕಡೆ ಸೋಪಿನ ಕಂಪನಿಯನ್ನು ಬಯ್ಯುತ್ತಾರೆ. ಬಯ್ಯಬೇಕಾದದ್ದು ಒಂದು ಕಡೆ ಹವೆಯನ್ನು, ಇನ್ನೊಂದು ಕಡೆ ನೀರನ್ನು.

ಮೈಸೋಪನ್ನು ಕಾಸ್ಟಿಕ್ ಸೋಡಾದಿಂದ ಮಾಡುತ್ತಾರೆ. ಅದರ ನೊರೆ ದೊಡ್ಡ ಗುಳ್ಳೆಗಳಾಗಿ ಎದ್ದು, ಅರ್ಧ ಗಡ್ಡ ಕೆರೆಯುವಷ್ಟರಲ್ಲಿ ಇಳಿದುಹೋಗುತ್ತದೆ. ಕ್ಷೌರದ ಸೋಪಿಗೆ ಸೋಡಾದ ಜೊತೆ ಕಾಸ್ಟಿಕ್ ಪೊಟ್ಯಾಶ್ ಎಂಬ ಇನ್ನೊಂದು ಕ್ಷಾರ ಸೇರಬೇಕು, ಸಾಮಾನ್ಯವಾಗಿ ಅದರ ಪಾಲೇ ಹೆಚ್ಚು. ಪೊಟ್ಯಾಶ್‌ನಿಂದ ಸೋಪಿನ ಬಿಲ್ಲೆ ಬೇಗ ಕರಗಿ ಬ್ರಷ್ಷಿಗೆ ಹತ್ತುತ್ತದೆ. ಸ್ಟಿಯರಿಕ್ ಆಮ್ಲದಿಂದ ನೊರೆ ದಟ್ಟವಾಗಿ ನಿಲ್ಲುತ್ತದೆ. ಈ ಆಮ್ಲ ಹಿಂದೆ ಬರುತ್ತಿದ್ದದ್ದು ಟ್ಯಾಲೋದಿಂದ, ಅಂದರೆ ದನ, ಕುರಿಗಳ ಕೊಬ್ಬಿನಿಂದ. 2000ರ ನಂತರ ಹಲವು ಬ್ರಿಟಿಷ್ ಸೋಪುಗಳು ತಾಳೆ ಎಣ್ಣೆಗೆ ಬದಲಾದವು. ಹಳಬರು ನೊರೆ ತೆಳುವಾಯಿತೆಂದು ಈಗಲೂ ಗೊಣಗುತ್ತಾರೆ. ಬದಲಾಗದವೂ ಇವೆ. 1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆಸುತ್ತಾರೆಂಬ ಗಲಾಟೆ ಎದ್ದ ದೇಶ ನಮ್ಮದು. ಹಾಗಾಗಿ ಮುಟ್ಟಬಾರದೆನ್ನುವವರು ಪೊಟ್ಟಣದ ಹಿಂಬದಿಯಲ್ಲಿ ‘ಸೋಡಿಯಂ ಟ್ಯಾಲೋವೇಟ್’, ‘ಪೊಟ್ಯಾಸಿಯಂ ಟ್ಯಾಲೋವೇಟ್’ ಇದೆಯೇ ಎಂದು ಓದಿಕೊಳ್ಳಬೇಕು.

ಈ ಸೋಪುಗಳ ಹಳೆಯ ಮಳಿಗೆಗಳು ಹಲವು ಲಂಡನ್ನಿನವು. ಡಿ. ಆರ್. ಹ್ಯಾರಿಸ್ 1790ರದ್ದು, ಟ್ರೂಫಿಟ್ 1805ರದ್ದು, ಟ್ರಂಪರ್ 1875ರದ್ದು. ಅಮೆರಿಕದಲ್ಲಿ ವಿಲಿಯಮ್ಸ್ ಕಂಪನಿ 1840ರ ಹೊತ್ತಿಗೇ ಬಿಲ್ಲೆ ಮಾರುತ್ತಿತ್ತು, ಅದನ್ನು ಮಗ್ಗಿಗೆ ಹಾಕಿಕೊಳ್ಳುವುದು ಗಿರಾಕಿಯ ಕೆಲಸ. 1904ರಲ್ಲಿ ಜಿಲೆಟ್‌ಗೆ ಸೇಫ್ಟಿ ರೇಜರಿನ ಪೇಟೆಂಟ್ ಸಿಕ್ಕಿ ಕ್ಷೌರ ಮನೆಯೊಳಗೆ ಬಂತು. ಆಮೇಲೆ ಬ್ರಷ್ ಬೇಡದ ಕ್ರೀಮು, 1949ರಲ್ಲಿ ಒತ್ತಿದರೆ ನೊರೆ ಉಗುಳುವ ಡಬ್ಬಿ. ಆ ಪೈಪೋಟಿಯಲ್ಲಿ ಬಿಲ್ಲೆ ಸೋತಿತು. ಸೋತ ಮೇಲೆಯೇ ಅದಕ್ಕೆ ಐಷಾರಾಮದ ಬೆಲೆ ಬಂದದ್ದು; ಬೆಲೆಗೆ ತಕ್ಕ ವೇಷ ಮರದ ಬಟ್ಟಲು. ಲಂಡನ್ನಿನ ಈ ಮಳಿಗೆಗಳೆಲ್ಲ ಮಾರುವ ಒಂದು ಪರಿಮಳ ಶ್ರೀಗಂಧದ್ದು. ಆ ಗಂಧದ ಮರ ಯೂರೋಪಿಗೆ ಹೋಗುವುದು ಮೊದಲ ಮಹಾಯುದ್ಧದಲ್ಲಿ ನಿಂತಾಗಲೇ ನಮ್ಮ ಸರ್ಕಾರಿ ಸೋಪಿನ ಕಾರ್ಖಾನೆ ಬೆಂಗಳೂರಿನಲ್ಲಿ ಹುಟ್ಟಿದ್ದು.

ಇನ್ನು ನೀರು. ಅರಸೀಕೆರೆ, ಕಡೂರಿನ ಬೋರ್ ನೀರು ಗಡಸು. ಹಂಡೆಯ ತಳದ ಬಿಳಿ ಹೊಪ್ಪಳಿಕೆಯೇ ಸಾಕ್ಷಿ. ನೀರಿನ ಕ್ಯಾಲ್ಸಿಯಂ ಸೋಪನ್ನು ಹಿಡಿದು ಕರಗದ ಗಷ್ಟಾಗಿ ಮಾಡುತ್ತದೆ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600. ಲೀಟರಿಗೆ 600 ಇರುವ ನೀರು, ಒಂದು ಲೀಟರಿಗೆ ಸುಮಾರು 4 ಗ್ರಾಂ ಸೋಪನ್ನು ನೊರೆಯಾಗುವ ಮೊದಲೇ ನುಂಗುತ್ತದೆ. ತಮಾಷೆಯೆಂದರೆ ಲಂಡನ್ನಿನ ನೀರೂ ಗಡಸೇ. ಅಲ್ಲಿಯವರು ಸೋಪು ಹೆಚ್ಚು ತೆಗೆದುಕೊಳ್ಳುತ್ತಾರೆ, ಅಷ್ಟೆ. ನಮಗೆ ಇನ್ನೂ ಸುಲಭದ ದಾರಿ ಇದೆ: ನೊರೆಗೆ ಬೇಕಾದ ನೀರು 50 ಮಿಲಿಲೀಟರನ್ನೂ ಮೀರುವುದಿಲ್ಲ, ಅಷ್ಟನ್ನು ಮಳೆನೀರಿನಿಂದಲೋ ಆರ್‌ಒ ಫಿಲ್ಟರಿನಿಂದಲೋ ತೆಗೆದುಕೊಂಡರೆ ಆಯಿತು. ಕುದಿಸಿ ತಿಳಿ ಬಸಿದ ನೀರೂ ಒಂದಿಷ್ಟು ಸುಧಾರಿಸುತ್ತದೆ, ಪೂರ್ತಿ ಅಲ್ಲ. ಕುದಿತಕ್ಕೆ ಬಗ್ಗದ ಗಡಸುತನವೂ ಇರುತ್ತದೆ.

ನೀರು ಸರಿಯಿದ್ದೂ ನೊರೆ ಕೆಡುವುದು ಬಹುಪಾಲು ಅವಸರದಿಂದ. ಬ್ರಷ್ಷನ್ನು ಎರಡು ನಿಮಿಷ ನೆನೆಸಿ, ಚೆನ್ನಾಗಿ ಒದರಿ, ಬಿಲ್ಲೆಯ ಮೇಲೆ 30 ಸೆಕೆಂಡ್ ತಿರುಗಿಸಬೇಕು. ಬ್ರಷ್ಷಿನ ತುದಿಯಲ್ಲಿ ನೊರೆಯಲ್ಲ, ಅಂಟಾದ ಲೇಪ ಕಾಣಬೇಕು. ಆಮೇಲೆ ಮುಖದ ಮೇಲೆ ಹನಿಹನಿಯಾಗಿ ನೀರು ಸೇರಿಸುತ್ತ ಕಡೆಯುವುದು. ಮೊದಲೇ ನೀರು ಹೆಚ್ಚಾದರೆ ದೊಡ್ಡ ಗುಳ್ಳೆಗಳೆದ್ದು ಬ್ಲೇಡು ಚರ್ಮವನ್ನು ಎಳೆಯುತ್ತದೆ. ಒಂದು ಸಲಕ್ಕೆ ಸುಮಾರು ಒಂದು ಗ್ರಾಂ ಸೋಪು ಹೋಗುತ್ತದೆ. 100 ಗ್ರಾಂ ಬಿಲ್ಲೆ ದಿನಾ ಬಳಸಿದರೂ ಮೂರು ತಿಂಗಳು ಬರಬೇಕು.

ಮಲೆನಾಡಿನ ಹಳ್ಳದ ನೀರಿಗೆ ಈ ಕಷ್ಟವೇ ಇಲ್ಲ. ಅಲ್ಲಿ ಕೆಡುವುದು ಮರ. ಬೇಸಿಗೆಯಲ್ಲಿ ಸುಮಾರು 9 ಶೇಕಡ ತೇವ ಹಿಡಿದಿರುವ ಮರ, ಆಷಾಢದ ಮಳೆಯಲ್ಲಿ 18 ಶೇಕಡಕ್ಕೆ ಏರುತ್ತದೆ. ಮರ ಹಿಗ್ಗುವುದು ಎಳೆಗೆ ಅಡ್ಡಲಾಗಿ, ಉದ್ದಕ್ಕೆ ಅಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ 80 ಮಿಲಿಮೀಟರಿನ ದುಂಡು ಬಟ್ಟಲು ಒಂದು ದಿಕ್ಕಿಗೆ ಮಾತ್ರ ಒಂದೆರಡು ಮಿಲಿಮೀಟರ್ ಅಗಲವಾಗಿ ಅಂಡಾಕಾರಕ್ಕೆ ತಿರುಗುತ್ತದೆ, ಮುಚ್ಚಳ ಕಚ್ಚುತ್ತದೆ. ಕಚ್ಚಿದ ಮುಚ್ಚಳವನ್ನು ಮೀಟಿದರೆ ಅಂಚು ಹೋಯಿತೆಂದೇ ಲೆಕ್ಕ. ಗಾಳಿಯಾಡುವ ನೆರಳಿನಲ್ಲಿ ನಾಲ್ಕು ದಿನ ಇಟ್ಟರೆ ತಾನಾಗಿ ಬಿಡುತ್ತದೆ. ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವವರಿದ್ದಾರೆ. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಮೈ ಇನ್ನೂ ಹಿಗ್ಗಿರುತ್ತದೆ, ಬಟ್ಟಲು ಸೀಳುತ್ತದೆ.

ಬಿಲ್ಲೆ ಮೆದುವಾಗಲೆಂದು ಬಟ್ಟಲಿಗೆ ಬಿಸಿನೀರು ತುಂಬಿಡುವ ಸಲಹೆ ಪಿಂಗಾಣಿಗೆ ಸರಿ, ಮರಕ್ಕೆ ವಿಷ. ನೀರು ಬಿಲ್ಲೆಯ ಅಡಿಗೆ ಇಳಿದು ನಿಲ್ಲುತ್ತದೆ, ತಳ ಕಪ್ಪಾಗುವುದು ಅಲ್ಲಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಲ್ಲೆಯನ್ನು ಸ್ಟೀಲ್ ಬಟ್ಟಲಿಗೆ ಹಾಕಿಕೊಂಡು, ಮರದ್ದನ್ನು ಬಚ್ಚಲಿನಿಂದ ಆಚೆ ಇಡುವುದೇ ಒಳ್ಳೆಯದು.

ಊರಿನಲ್ಲೇ ಬಟ್ಟಲು ಕಡೆಸುವವರಿಗೆ ತೇಗದಷ್ಟು ನೆಚ್ಚಿನ ಮರ ಇನ್ನೊಂದಿಲ್ಲ. ಬೀಟೆಯೂ ಗಟ್ಟಿ, ಆದರೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಳೆಯ ಪೀಠೋಪಕರಣದ ತುಂಡು ಸಿಕ್ಕರೆ ಅದೃಷ್ಟ. ಹಲಸಿನ ತಿರುಳು ಸೋಪಿನ ಕ್ಷಾರಕ್ಕೆ ಹಳದಿ ಬಣ್ಣ ಬಿಡುತ್ತದೆ, ನೊರೆಗೂ ಹತ್ತುತ್ತದೆ. ಮರವನ್ನು ಮೊದಲು ದಪ್ಪಗೆ ಕಡೆದು ಕೆಲವು ತಿಂಗಳು ಒಣಗಿಸಿ, ಆಮೇಲೆ ಗೋಡೆಯನ್ನು 6ರಿಂದ 8 ಮಿಲಿಮೀಟರಿಗೆ ಇಳಿಸಬೇಕು. ಬಿಲ್ಲೆಯ ಸುತ್ತ 2-3 ಮಿಲಿಮೀಟರ್ ಸಡಿಲ ಬಿಡಬೇಕು. ಚನ್ನಪಟ್ಟಣದ ಅರಗಿನ ಹೊಳಪು ಕಣ್ಣಿಗೆ ಚೆಂದ, ಸೋಪಿಗೆ ಆಗದು: ಅರಗು ಕ್ಷಾರಕ್ಕೆ ಮೆತ್ತಗಾಗಿ ಸುಲಿಯುತ್ತದೆ. ಒಳಗೂ ಹೊರಗೂ ಅಗಸೆ ಎಣ್ಣೆಯನ್ನು ತೆಳುವಾಗಿ ಮೂರು ಸಲ ಹಚ್ಚಿ, ಪ್ರತಿ ಸಲವೂ ಪೂರ್ತಿ ಒಣಗಲು ಬಿಟ್ಟು ಬಳಸುವುದು ವಾಸಿ.