ಒಂದಡಿ ಹಲಗೆ, ಒಂದು ಟನ್ ಭಾರ

ಗೊಬ್ಬರ ಹರಡುವ ಗಾಡಿ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಯೋಚನೆ ಬಂದೇ ಬರುತ್ತದೆ. ತಿಪ್ಪೆಗೂ ಹೊಲಕ್ಕೂ ಇಷ್ಟು ಸಲ ಯಾಕೆ ಓಡಾಡಬೇಕು? ತೊಟ್ಟಿಯ ಎರಡೂ ಬದಿಗೆ ಒಂದಡಿ ಹಲಗೆ ಏರಿಸಿದರೆ ಮುಗೀತಲ್ಲ?

ಲೆಕ್ಕ ಹಾಕೋಣ. ತೊಟ್ಟಿ 3 ಮೀಟರ್ ಉದ್ದ, 1.5 ಮೀಟರ್ ಅಗಲ, 60 ಸೆಂ.ಮೀ. ಎತ್ತರ ಅಂದುಕೊಳ್ಳಿ. ಅಂಚಿನ ತನಕ ತುಂಬಿದರೆ 2.7 ಘನ ಮೀಟರ್. 30 ಸೆಂ.ಮೀ. ಹಲಗೆ ಸೇರಿದರೆ 4.05. ಮೂರು ಟ್ರಿಪ್ ಕೆಲಸ ಎರಡೇ ಟ್ರಿಪ್‌ಗೆ ಮುಗಿಯಿತು.

ಆದರೆ ಆಕ್ಸಲ್‌ಗೆ ಘನ ಮೀಟರ್ ತಿಳಿಯುವುದಿಲ್ಲ, ಕಿಲೋ ಮಾತ್ರ ತಿಳಿಯುತ್ತದೆ. 20 ಲೀಟರ್ ಬಕೆಟ್‌ಗೆ ಗೊಬ್ಬರ ಅದುಮಿ ತುಂಬಿ, ತಕ್ಕಡಿಗೆ ಹಾಕಿ. ಬಕೆಟ್ ತೂಕ ಕಳೆದು 16 ಕಿಲೋ ಬಂದರೆ ಘನ ಮೀಟರ್‌ಗೆ 800 ಕಿಲೋ ಎಂದರ್ಥ. ಆಗ ಆ ಒಂದಡಿ ಹಲಗೆ ಹೊರಿಸಿದ್ದು ಸುಮಾರು 1,080 ಕಿಲೋ. ಬೇರಿಂಗ್, ಟೈರ್, ಬ್ರೇಕ್, ಟ್ರ್ಯಾಕ್ಟರ್‌ಗೆ ಸೇರಿಸುವ ಕೊಂಡಿ (ಹಿಚ್) ಯಾವುದೂ ಈ ಭಾರಕ್ಕೆಂದು ಮಾಡಿದ್ದಲ್ಲ. ಹೊಲದ ಮಣ್ಣೂ ಅಷ್ಟೇ. ಚಕ್ರದ ಭಾರ ಹೆಚ್ಚಿದಷ್ಟೂ ಮಣ್ಣು ಆಳದಲ್ಲಿ ಗಟ್ಟಿಯಾಗುತ್ತದೆ, ಅಲ್ಲಿಗೆ ನೇಗಿಲು ಮುಟ್ಟುವುದಿಲ್ಲ.

ನನಗೆ ಇದಕ್ಕಿಂತ ಸ್ವಾರಸ್ಯ ಅನ್ನಿಸುವುದು ಗೋಡೆಯ ಕಥೆ. ಗೊಬ್ಬರ ಕೆಳಕ್ಕೆ ಒತ್ತುವಂತೆ ಪಕ್ಕಕ್ಕೂ ಒತ್ತುತ್ತದೆ, ಆಳಕ್ಕೆ ಹೋದಂತೆ ಒತ್ತಡ ಏರುತ್ತದೆ. ಎತ್ತರ ಒಂದೂವರೆ ಪಟ್ಟಾದರೆ ಗೋಡೆಯ ಮೇಲಿನ ಒಟ್ಟು ಬಲ ಸುಮಾರು ಎರಡೂಕಾಲು ಪಟ್ಟು. ಬುಡದಲ್ಲಿ ಗೋಡೆಯನ್ನು ಹೊರಕ್ಕೆ ಬಗ್ಗಿಸುವ ಶಕ್ತಿಯೋ ಮೂರು ಪಟ್ಟಿಗೂ ಜಾಸ್ತಿ! ಹೊಸ ಹಲಗೆ ಗಟ್ಟಿಯಾಗೇ ಇರುತ್ತದೆ, ಹೊಟ್ಟೆ ಬಿಡುವುದು ಅದರ ಕೆಳಗಿನ ಹಳೇ ತಗಡು.

ಹಿಂಬದಿಯ ಬೀಟರ್ ನೋಡಿ, ಅಂದರೆ ಗೊಬ್ಬರ ಚೂರು ಮಾಡಿ ಎರಚುವ ಹಲ್ಲಿನ ಉರುಳೆ. ಅದರ ಹಲ್ಲು ತಲುಪುವ ಎತ್ತರದ ತನಕ ಮಾತ್ರ ಗೊಬ್ಬರ ಚೂರಾಗುತ್ತದೆ. ಅದಕ್ಕಿಂತ ಮೇಲಿದ್ದದ್ದು ತಲೆಯ ಮೇಲಿಂದ ದಾಟಿ ಹೆಂಟೆ ಹೆಂಟೆಯಾಗಿ ಬೀಳುತ್ತದೆ. ಒಂದು ಕಡೆ ಗುಪ್ಪೆ, ಇನ್ನೊಂದು ಕಡೆ ಬರೀ ನೆಲ. ಗೊಬ್ಬರವನ್ನು ಬೀಟರ್ ಕಡೆಗೆ ಎಳೆಯುವ ತಳದ ಚೈನ್‌ಗಂತೂ ಹೊರಡುವ ಗಳಿಗೆಯೇ ಕಷ್ಟ. ಅದುಮಿಕೊಂಡು ಕೂತ ರಾಶಿ ಒಂದೇ ಸಲಕ್ಕೆ ಕದಲಬೇಕಲ್ಲ! ಲೋಡರ್ ಬಕೆಟ್‌ನಿಂದ ಮೇಲೆ ಎರಡು ಏಟು ಹಾಕಿ ಒತ್ತುವ ಚಟವಿದ್ದರೆ ಶಿಯರ್ ಬೋಲ್ಟ್ (ಭಾರ ಮಿತಿಮೀರಿದರೆ ತಾನೇ ಮುರಿದು ಯಂತ್ರ ಉಳಿಸುವ ಬೋಲ್ಟ್) ನಾಲ್ಕು ಜಾಸ್ತಿಯೇ ತಂದಿಟ್ಟುಕೊಳ್ಳಿ. ಇಳಿಜಾರಿನಲ್ಲಿ ಇನ್ನೊಂದು ಫಜೀತಿ: ಸರಕಿನ ಭಾರಕೇಂದ್ರ 15 ಸೆಂ.ಮೀ. ಮೇಲೇರಿರುತ್ತದೆ, ಗಾಡಿ ಬೇಗ ವಾಲುತ್ತದೆ.

ಹಾಗಂತ ಹಲಗೆ ಸುಮ್ನೆ ದಂಡ ಅಲ್ಲ. ಅದೇ ಬಕೆಟ್‌ನಲ್ಲಿ ಒಣಗಿದ, ಹಗುರ ಗೊಬ್ಬರ 8 ಕಿಲೋ ತೂಗಿದರೆ, ಹಲಗೆಯ ತುದಿ ತನಕ ತುಂಬಿದರೂ ಒಟ್ಟು 1,620 ಕಿಲೋ. ಹಲಗೆಯೇ ಇಲ್ಲದೆ ಹಸಿ ಗೊಬ್ಬರ ತುಂಬಿದಾಗಿನ 2,160 ಕಿಲೋಗಿಂತ ಇದು ಕಡಿಮೆ. ಬೀಟರ್ ಅಷ್ಟೆತ್ತರಕ್ಕೆ ಮುಟ್ಟುವಂತಿದ್ದರೆ ಧಾರಾಳವಾಗಿ ಏರಿಸಿ. ವೆಲ್ಡ್ ಮಾತ್ರ ಬೇಡ, ಪಿನ್ ಹಾಕಿ ಕೂರಿಸಿ. ತಿಪ್ಪೆ ಮಳೆಗೆ ನೆನೆದ ವಾರ ಕಳಚಿ ಗೋಡೆಗೆ ಒರಗಿಸಿಡಬಹುದು.