ಆತಂಕದ ಮಾತ್ರೆ: ಎಷ್ಟು ದಿನ ಎಂದು ಬರೆಯದ ಚೀಟಿ

ಅಲ್ಪ್ರಾಜೋಲಾಂ 0.25 ಮಿಲಿಗ್ರಾಂ, ರಾತ್ರಿ ಒಂದು. ಎಷ್ಟು ದಿನ, ಹೇಗೆ ಬಿಡಬೇಕು ಎಂಬುದು ಎಷ್ಟೋ ಔಷಧ ಚೀಟಿಗಳಲ್ಲಿ ಇರುವುದಿಲ್ಲ. ಈ ಮೌನ ಇಂದಿನದಲ್ಲ.

1950ರ ದಶಕದವರೆಗೆ ಆತಂಕಕ್ಕೂ ನಿದ್ರೆಗೂ ಬಾರ್ಬಿಚುರೇಟ್ ಎಂಬ ಮಂಪರು ತರಿಸುವ ಔಷಧಗಳೇ ಗತಿಯಾಗಿದ್ದವು. ಪ್ರಮಾಣ ಮೀರಿದರೆ ಉಸಿರೇ ನಿಲ್ಲುತ್ತಿತ್ತು. ನ್ಯೂಜೆರ್ಸಿಯ ರೋಶ್ ಪ್ರಯೋಗಾಲಯದಲ್ಲಿ ಲಿಯೋ ಸ್ಟರ್ನ್‌ಬಾಕ್ ತಯಾರಿಸಿ ಬದಿಗಿಟ್ಟಿದ್ದ ಸಂಯುಕ್ತವೊಂದನ್ನು 1957ರಲ್ಲಿ ಪರೀಕ್ಷಿಸಿದಾಗ ಅದು ಆತಂಕ ತಗ್ಗಿಸುವುದು ಕಂಡಿತು. 1960ರಲ್ಲಿ ಅದೇ ಲಿಬ್ರಿಯಂ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು, 1963ರಲ್ಲಿ ಅದೇ ಗುಂಪಿನ ವೇಲಿಯಂ (ಡಯಾಜೆಪಾಂ). ಇವು ಹಳೆಯವುಗಳಿಗಿಂತ ಸುರಕ್ಷಿತವೆಂಬುದು ನಿಜ. ಆ ನಿಜವೇ ಎಚ್ಚರವನ್ನು ಸಡಿಲಿಸಿತು ಎನ್ನುವುದು ನನ್ನ ಅನಿಸಿಕೆ. 1978ರಲ್ಲಿ ಅಮೆರಿಕದಲ್ಲಿ 200 ಕೋಟಿಗೂ ಹೆಚ್ಚು ವೇಲಿಯಂ ಮಾತ್ರೆಗಳು ಮಾರಾಟವಾದವು.

1981ರಲ್ಲಿ ಅಲ್ಲಿ ಅನುಮತಿ ಪಡೆದ, ಇದೇ ಗುಂಪಿನ ಅಲ್ಪ್ರಾಜೋಲಾಂನ ಮಾತ್ರೆಯ ಮೇಲಿನ ಮಿಲಿಗ್ರಾಂ ಅಂಕಿ ಇನ್ನೂ ಚಿಕ್ಕದು. ಕಣ್ಣು ಮೋಸಹೋಗುವುದು ಇಲ್ಲಿಯೇ. ಬ್ರಿಟನ್ನಿನ ವೈದ್ಯೆ ಹೆದರ್ ಆ್ಯಷ್ಟನ್ ಅವರ ಲೆಕ್ಕದಲ್ಲಿ ಇದರ ಅರ್ಧ ಮಿಲಿಗ್ರಾಂ, 10 ಮಿಲಿಗ್ರಾಂ ಡಯಾಜೆಪಾಂಗೆ ಸಮ. ಡಯಾಜೆಪಾಂ ದೇಹದಲ್ಲಿ ದಿನಗಟ್ಟಲೆ ಉಳಿದು ಮೆಲ್ಲಗೆ ಇಳಿಯುತ್ತದೆ. ಅಲ್ಪ್ರಾಜೋಲಾಂ ಸುಮಾರು 11 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಒಗ್ಗಿಹೋದ ಮಿದುಳು ಆಗ ಚಡಪಡಿಸುತ್ತದೆ, ರೋಗಿ ಅದನ್ನು ತನ್ನ ಹಳೆಯ ಕಾಯಿಲೆಯೆಂದೇ ತಿಳಿದು ಮತ್ತೊಂದು ಮಾತ್ರೆ ನುಂಗುತ್ತಾರೆ.

1982ರಿಂದ 12 ವರ್ಷ ಆ್ಯಷ್ಟನ್ ನ್ಯೂಕ್ಯಾಸಲ್‌ನಲ್ಲಿ ಇಂಥವರಿಗೆಂದೇ ಚಿಕಿತ್ಸಾಲಯ ನಡೆಸಿದರು. ಬಂದವರಲ್ಲಿ ಹೆಚ್ಚಿನವರು ವ್ಯಸನಿಗಳಲ್ಲ. ವೈದ್ಯರು ಬರೆದಷ್ಟನ್ನೇ ವರ್ಷಗಟ್ಟಲೆ ಚಾಚೂ ತಪ್ಪದೆ ನುಂಗಿದವರು. ಅವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಈ ಮಾತ್ರೆಗಳ ಬಳಕೆಗೆ ಎರಡರಿಂದ ನಾಲ್ಕು ವಾರಗಳ ಮಿತಿಯನ್ನು ಸೂಚಿಸಿತು. ಲಿಬ್ರಿಯಂ ಬಂದು ಆಗಲೇ 28 ವರ್ಷಗಳಾಗಿದ್ದವು.

ಭಾರತದಲ್ಲಿ 2014ರ ಮಾರ್ಚ್‌ನಿಂದ ಈ ಮಾತ್ರೆಗಳು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಎಚ್1 ಪಟ್ಟಿಯಲ್ಲಿವೆ. ಔಷಧ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಆದರೆ ಒಬ್ಬ ರೋಗಿ ಎಷ್ಟು ಕಾಲದಿಂದ ನುಂಗುತ್ತಿದ್ದಾರೆ ಎಂಬುದಕ್ಕೆ ಅದರಲ್ಲಿ ಅಂಕಣವಿಲ್ಲ.

ಹೆದರಿ ಒಮ್ಮೆಲೇ ಬಿಡುವುದು ಇನ್ನೂ ಅಪಾಯ. ಅಪಸ್ಮಾರದಂತೆ ಫಿಟ್ಸ್ ಬರಬಹುದು. 2025ರ ಅಮೆರಿಕದ ಮಾರ್ಗಸೂಚಿಯ ಪ್ರಕಾರ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮಾತ್ರೆಯ ಪ್ರಮಾಣವನ್ನು ಶೇ 5ರಿಂದ 10ರಷ್ಟು ಇಳಿಸುತ್ತ ಹೋಗಬೇಕು, ಅದೂ ವೈದ್ಯರ ಕಣ್ಗಾವಲಿನಲ್ಲಿ. ಕೆಲವರಿಗೆ ಇದಕ್ಕೆ ವರ್ಷವೇ ಹಿಡಿಯುತ್ತದೆ.