ಆಫೀಸು ನೋಡಿ ಹಣ ಕಟ್ಟಬೇಡಿ, ಹ್ಯಾಂಗರ್ ನೋಡಿ

ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ಕೊಡಗಿನ ನಮ್ಮೂರ ಕಡೆಯಿಂದ ನನಗೆ ಒಂದೇ ಬಗೆಯ ಫೋನ್ ಕರೆಗಳು ಹೆಚ್ಚಾಗಿವೆ. ಮಗ ಪಿಯುಸಿ ಮುಗಿಸಿದ್ದಾನೆ, ಅಥವಾ ಮಗಳು ಸೈನ್ಸ್ ಓದುತ್ತಿದ್ದಾಳೆ, ಹೆಲಿಕಾಪ್ಟರ್ ಪೈಲಟ್ ಆಗಬೇಕಂತೆ, ಯಾವ ಸ್ಕೂಲ್ ಒಳ್ಳೆಯದು ಹೇಳಿ ಸರ್. ಪೊನ್ನಂಪೇಟೆಯಿಂದ, ಸುಂಟಿಕೊಪ್ಪದಿಂದ, ಸೋಮವಾರಪೇಟೆಯಿಂದ. ಕೇಳುವ ಹೊತ್ತಿಗೆ ಅವರ ಕೈಗೆ ಎರಡು ಮೂರು ಬ್ರೋಷರ್ ಬಂದಿರುತ್ತವೆ, ಈ ವಾರವೇ ಕಟ್ಟಿದರೆ ಡಿಸ್ಕೌಂಟ್ ಎಂದು ಏಜೆಂಟರೊಬ್ಬರು ಆಸೆ ಹುಟ್ಟಿಸಿರುತ್ತಾರೆ. ನಾನು ಸ್ಕೂಲಿನ ಹೆಸರು ಹೇಳುವುದಿಲ್ಲ. ಇವತ್ತು ಚೆನ್ನಾಗಿರುವ ಸ್ಕೂಲು, ಹಿರಿಯ ಇನ್‌ಸ್ಟ್ರಕ್ಟರ್ ಒಬ್ಬರು ಬಿಟ್ಟು ಹೋದರೆ ಆರು ತಿಂಗಳಲ್ಲಿ ಬೇರೆಯೇ ಸ್ಕೂಲಾಗಿರುತ್ತದೆ. ಅಲ್ಲಿಗೆ ಹೋಗಿ ಏನು ನೋಡಬೇಕು, ಯಾರನ್ನು ಏನು ಕೇಳಬೇಕು ಎಂದು ಹೇಳಬಲ್ಲೆ.

ಅದಕ್ಕೂ ಮೊದಲು ಮೆಡಿಕಲ್ ಮಾಡಿಸಿ. ದೇಶದ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರ ಹತ್ತಿರ ಕ್ಲಾಸ್ 2 ಪರೀಕ್ಷೆ, ಆಮೇಲೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1. ಕ್ಲಾಸ್ 1 ನಮಗೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೇ ಆಗುತ್ತದೆ. ಕಣ್ಣಿಗೆ ಬಣ್ಣ ಸರಿಯಾಗಿ ಗುರುತಾಗುವುದಿಲ್ಲ ಎಂಬುದು ಎಷ್ಟೋ ಹುಡುಗರಿಗೆ ಗೊತ್ತಾಗುವುದೇ ಅಲ್ಲಿ. ಫೀಸು ಕಟ್ಟಿದ ಮೇಲೆ ಗೊತ್ತಾದರೆ ಆ ಮನೆಯ ಸಂಕಟ ಹೇಳತೀರದು. ತೂಕವನ್ನೂ ನೋಡಿಕೊಳ್ಳಿ. ತರಬೇತಿಗೆ ಹೆಚ್ಚಾಗಿ ಬಳಸುವ ರಾಬಿನ್ಸನ್ ಆರ್22 ಎರಡೇ ಸೀಟಿನ ಪುಟ್ಟ ಯಂತ್ರ. ಒಂದು ಸೀಟಿನ ಮಿತಿ ಸುಮಾರು 109 ಕೆಜಿ, ಇಂಧನ ಮತ್ತು ಇಬ್ಬರನ್ನೂ ಸೇರಿಸಿ ಹಾರುವ ಒಟ್ಟು ತೂಕ 622 ಕೆಜಿ ಮೀರುವಂತಿಲ್ಲ. ನಮ್ಮ ಕಡೆಯ ಹುಡುಗರು ಎತ್ತರ, ಮೈಕಟ್ಟೂ ಗಟ್ಟಿ. ಇನ್‌ಸ್ಟ್ರಕ್ಟರೂ ದಪ್ಪಗಿದ್ದರೆ ಟ್ಯಾಂಕಿಗೆ ಅರ್ಧ ಇಂಧನ ಹಾಕಿ ಹಾರಬೇಕಾಗುತ್ತದೆ. ಹಾಗಾದಾಗ ಪಾಠವೂ ಅರ್ಧಕ್ಕೇ ಮುಗಿಯುತ್ತದೆ.

ಇನ್ನು ಸ್ಕೂಲು. ಎಸಿ ಹಾಕಿದ ಆಫೀಸಿನಲ್ಲಿ ಕಾಫಿ ಕುಡಿದು ವಾಪಸ್ ಬರಬೇಡಿ. ಹ್ಯಾಂಗರಿಗೆ, ಅಂದರೆ ಹೆಲಿಕಾಪ್ಟರ್ ನಿಲ್ಲಿಸುವ ಶೆಡ್ಡಿಗೆ, ಕರೆದುಕೊಂಡು ಹೋಗಿ ಎನ್ನಿ. ಬ್ರೋಷರಿನಲ್ಲಿ ಐದು ಹೆಲಿಕಾಪ್ಟರ್ ಇದ್ದರೆ ಈ ವಾರ ಹಾರಿದವು ಎಷ್ಟು ಎಂದು ಕೇಳಿ. ರೋಟರ್ (ಮೇಲೆ ತಿರುಗುವ ರೆಕ್ಕೆಗಳು) ಬಿಚ್ಚಿಟ್ಟು ಮೂಲೆಗೆ ತಳ್ಳಿದ, ಮೇಲೆ ಧೂಳು ಕೂತ ಯಂತ್ರ ಲೆಕ್ಕಕ್ಕಿಲ್ಲ. ಆರ್22 ಯಂತ್ರವನ್ನು 2,200 ಗಂಟೆ ಹಾರಿದ ಮೇಲೆ, ಇಲ್ಲವೇ 12 ವರ್ಷ ತುಂಬಿದ ಮೇಲೆ, ಯಾವುದು ಮೊದಲೋ ಆಗ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಅದು ದೊಡ್ಡ ಖರ್ಚು. ಹಾಗಾಗಿ ಪ್ರತಿ ಯಂತ್ರವೂ ಎಷ್ಟು ಗಂಟೆ ಮುಗಿಸಿದೆ ಎಂದು ಲಾಗ್‌ಬುಕ್ಕಿನಲ್ಲೇ ನೋಡಿ. ಇರುವ ಎರಡೂ ಯಂತ್ರ 2,000 ದಾಟಿದ್ದರೆ, ಓವರ್‌ಹಾಲಿಗೆ ಹಣ ತೆಗೆದಿಟ್ಟಿದ್ದೀರಾ, ಆ ಅವಧಿಯಲ್ಲಿ ಬೇರೆ ಯಂತ್ರ ತರಿಸುತ್ತೀರಾ ಎಂದು ನೇರವಾಗಿ ಕೇಳಿ. ಉತ್ತರ ತೊದಲಿದರೆ, ನಿಮ್ಮ ಮಗ ಅಲ್ಲಿ ತಿಂಗಳುಗಟ್ಟಲೆ ಹಾಸ್ಟೆಲ್ ಬಾಡಿಗೆ ಕಟ್ಟಿಕೊಂಡು ಆಕಾಶ ನೋಡುತ್ತಾ ಕೂರಬೇಕಾಗುತ್ತದೆ. ಕಮರ್ಷಿಯಲ್ ಲೈಸೆನ್ಸಿಗೆ ಹೆಲಿಕಾಪ್ಟರಿನಲ್ಲಿ 150 ಗಂಟೆ ಬೇಕು. ಇಷ್ಟನ್ನು ಒಂದು ವರ್ಷದೊಳಗೆ ಮುಗಿಸುವುದಕ್ಕೂ ಮೂರು ವರ್ಷ ಎಳೆಯುವುದಕ್ಕೂ ಹಣದ ವ್ಯತ್ಯಾಸ ಮಾತ್ರ ಅಲ್ಲ. ವಾರಕ್ಕೊಮ್ಮೆ ಹಾರುವವನು ಪ್ರತಿ ಸಲ ಹಳೆಯ ಪಾಠವನ್ನೇ ಮತ್ತೆ ಕಲಿಯುತ್ತಾನೆ.

ಇನ್‌ಸ್ಟ್ರಕ್ಟರ್ ವಿಷಯಕ್ಕೆ ಬಂದರೆ ನಾನು ಒಂದೇ ಪ್ರಶ್ನೆ ಕೇಳಿ ಎನ್ನುತ್ತೇನೆ: ಆಟೋರೊಟೇಷನ್, ಅಂದರೆ ಎಂಜಿನ್ ನಿಂತಾಗ ಇಳಿಸುವ ವಿದ್ಯೆ, ಹೇಗೆ ಕಲಿಸುತ್ತೀರಿ?

ಹೆಲಿಕಾಪ್ಟರ್ ಎಂಜಿನ್ ನಿಂತರೆ ಕಲ್ಲಿನಂತೆ ಬೀಳುತ್ತದೆ ಎಂದು ಜನ ನಂಬಿದ್ದಾರೆ. ಹಾಗೇನಿಲ್ಲ. ಎಡಗೈಯ ಕಲೆಕ್ಟಿವ್ ಲಿವರನ್ನು ತಕ್ಷಣ ಕೆಳಗಿಳಿಸಿದರೆ ರೆಕ್ಕೆಗಳ ಕೋನ ಕಡಿಮೆಯಾಗಿ, ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಿರುತ್ತದೆ. ಯಂತ್ರ ವೇಗವಾಗಿ ಇಳಿಯುತ್ತದೆ, ಆದರೆ ಪೈಲಟ್ ಹೇಳಿದ ಕಡೆಗೇ ಇಳಿಯುತ್ತದೆ. ನೆಲದ ಹತ್ತಿರ ಮೂಗೆತ್ತಿ ವೇಗ ಕೊಂದು, ಮಟ್ಟಮಾಡಿ, ರೋಟರಿನಲ್ಲಿ ಉಳಿದಿರುವ ಶಕ್ತಿಯನ್ನೆಲ್ಲ ಕಲೆಕ್ಟಿವ್ ಎಳೆದು ಖರ್ಚು ಮಾಡಿ ಮೆತ್ತಗೆ ಕೂರಿಸಬೇಕು. ಆ ಕೊನೆಯ ಎಳೆತಕ್ಕೆ ಒಂದೇ ಅವಕಾಶ. ಆರ್22ರ ರೆಕ್ಕೆಗಳು ತೀರಾ ಹಗುರ. ಎಂಜಿನ್ ನಿಂತಾಗ ಕೈ ಒಂದೆರಡು ಸೆಕೆಂಡು ತಡಮಾಡಿದರೆ ರೋಟರಿನ ಸುತ್ತು ಬಿದ್ದುಹೋಗುತ್ತದೆ. ಸುತ್ತು ಶೇ 97ಕ್ಕೆ ಇಳಿದಾಗಲೇ ಹಾರ್ನ್ ಕೂಗುತ್ತದೆ. ಶೇ 80ರ ಸುಮಾರಿಗೆ ಬಿದ್ದರೆ ರೆಕ್ಕೆಗಳು ಗಾಳಿಯ ಹಿಡಿತ ಬಿಡುತ್ತವೆ, ಮತ್ತೆ ಚೇತರಿಕೆಯಿಲ್ಲ. ಅಮೆರಿಕದ ವಿಮಾನಯಾನ ಇಲಾಖೆ 1995ರಲ್ಲಿ ಆರ್22 ಮತ್ತು ಅದೇ ಕಂಪನಿಯ ಆರ್44 ಹಾರಿಸುವವರಿಗೆಂದೇ ಪ್ರತ್ಯೇಕ ನಿಯಮ ತಂದು ವಿಶೇಷ ತರಬೇತಿ ಕಡ್ಡಾಯ ಮಾಡಿದ್ದು ಇಂಥ ಅಪಘಾತಗಳನ್ನು ನೋಡಿಯೇ. ಯಂತ್ರ ಕೆಟ್ಟದ್ದು ಎಂದಲ್ಲ, ನಾನು ಅದನ್ನು ಇಷ್ಟಪಡುತ್ತೇನೆ. ಅದು ಸೋಮಾರಿ ಕೈಯನ್ನು ಕ್ಷಮಿಸುವುದಿಲ್ಲ, ಅಷ್ಟೇ.

ಅನೇಕ ಸ್ಕೂಲುಗಳಲ್ಲಿ ಆಟೋರೊಟೇಷನ್ ಅಭ್ಯಾಸವನ್ನು ನೆಲಕ್ಕೆ ಕೆಲವು ಅಡಿ ಇರುವಾಗ ಎಂಜಿನ್ ಶಕ್ತಿ ಕೊಟ್ಟು, ಗಾಳಿಯಲ್ಲಿ ಒಂದೇ ಕಡೆ ನಿಲ್ಲುವ ಹೋವರಿನಲ್ಲಿ ಮುಗಿಸುತ್ತಾರೆ. ಯಂತ್ರಕ್ಕೆ ಪೆಟ್ಟಾಗಬಾರದು ಎಂಬ ಕಾಳಜಿ ನನಗೂ ಅರ್ಥವಾಗುತ್ತದೆ. ಆದರೆ ನೆಲ ಮುಟ್ಟುವವರೆಗೂ ಒಂದು ಸಲವೂ ಹೋಗದೆ ಲೈಸೆನ್ಸ್ ಪಡೆದ ಪೈಲಟ್ ಪಾಠದ ಕಷ್ಟದ ಭಾಗವನ್ನು ಓದದೇ ಪಾಸಾದಂತೆ. ಇನ್‌ಸ್ಟ್ರಕ್ಟರನ್ನೇ ಕೇಳಿ: ನೆಲ ಮುಟ್ಟುವವರೆಗಿನ ಆಟೋರೊಟೇಷನ್ ನೀವು ಕೊನೆಯ ಬಾರಿ ಮಾಡಿದ್ದು ಯಾವಾಗ? ಹೋದ ತಿಂಗಳು ಎಂದರೆ ಸಂತೋಷ. ಮಾತು ಬೇರೆ ಕಡೆ ತಿರುಗಿದರೆ ನೀವೂ ಗೇಟಿನ ಕಡೆ ತಿರುಗಿ.

ಹಣದ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು. ಪೂರ್ತಿ ಫೀಸನ್ನು ಮುಂಗಡ ಕಟ್ಟಲೇಬೇಡಿ. 2008ರ ಫೆಬ್ರವರಿಯಲ್ಲಿ ಅಮೆರಿಕದ ನೆವಾಡಾದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಎಂಬ ಬಹುದೊಡ್ಡ ಸ್ಕೂಲು ಇದ್ದಕ್ಕಿದ್ದಂತೆ ಬಾಗಿಲು ಹಾಕಿ ದಿವಾಳಿಯಾಯಿತು. ಹೆಚ್ಚು ಕಡಿಮೆ 70,000 ಡಾಲರ್ ಸಾಲ ತೆಗೆದು ಮೊದಲೇ ಕಟ್ಟಿದ್ದ ವಿದ್ಯಾರ್ಥಿಗಳು ಲೈಸೆನ್ಸೂ ಇಲ್ಲದೆ, ಸಾಲ ಮಾತ್ರ ಉಳಿಸಿಕೊಂಡು ಮನೆಗೆ ಹೋದರು. ಅಂಥ ದೇಶದಲ್ಲೇ ಹಾಗಾಗಿದೆ. ಹತ್ತು ಹದಿನೈದು ಗಂಟೆಗೆ ಕಟ್ಟಿ, ಹಾರಿ, ಮತ್ತೆ ಕಟ್ಟಿ. ಅದಕ್ಕೆ ಒಪ್ಪದ ಸ್ಕೂಲು ನಿಮ್ಮ ಹಣದಿಂದ ಹಳೆಯ ವಿದ್ಯಾರ್ಥಿಯ ಇಂಧನ ತುಂಬಿಸುತ್ತಿದೆ ಎಂದೇ ನಾನು ತಿಳಿಯುತ್ತೇನೆ. ಹಣ ವಾಪಸಿನ ಷರತ್ತು ಬರಹದಲ್ಲಿರಲಿ. ಸಾಲಕ್ಕೆ ಬ್ಯಾಂಕಿನವರು ಆಸ್ತಿ ಕೇಳುತ್ತಾರೆ, ನಮ್ಮ ಜಮ್ಮಾ (ಕೊಡಗಿನ ಪಾರಂಪರಿಕ ಹಿಡುವಳಿ) ಜಾಗದ ಆರ್‌ಟಿಸಿಯಲ್ಲಿ ಒಕ್ಕದವರ, ಅಂದರೆ ಇಡೀ ಮನೆತನದವರ, ಹೆಸರೆಲ್ಲ ಇರುತ್ತದೆ. ಅದನ್ನು ಸರಿಮಾಡಿಸಿಕೊಳ್ಳುವ ಅವಸರದಲ್ಲಿ ತೋಟದ ಮರ ಕಡಿಸಿ ಏಜೆಂಟರ ಕೈಗೆ ಕೊಟ್ಟವರನ್ನು ಕಂಡಿದ್ದೇನೆ. ಅವಸರ ಮಾಡಬೇಡಿ.

ವಿದೇಶವೋ ಇಲ್ಲಿಯೋ ಎನ್ನುತ್ತಾರೆ. ಭಾರತದಲ್ಲಿ ಹೆಲಿಕಾಪ್ಟರ್ ಕಲಿಸುವ ಸ್ಕೂಲುಗಳು ಬೆರಳೆಣಿಕೆಯಷ್ಟು. ಹೆಚ್ಚಿನ ಫ್ಲೈಯಿಂಗ್ ಸ್ಕೂಲುಗಳು ವಿಮಾನಕ್ಕೆ ಮೀಸಲು. ಹೊರಗೆ ಹೋದರೆ ಯಂತ್ರಗಳೂ ಹವಾಮಾನವೂ ಚೆನ್ನಾಗಿ ಸಿಗುತ್ತವೆ, ಆದರೆ ಅಲ್ಲಿನ ಲೈಸೆನ್ಸನ್ನು ಇಲ್ಲಿಗೆ ಬದಲಾಯಿಸಿಕೊಳ್ಳಬೇಕು. ಡಿಜಿಸಿಎಯ ನ್ಯಾವಿಗೇಷನ್, ಮೆಟಿಯರಾಲಜಿ, ರೆಗ್ಯುಲೇಷನ್, ಟೆಕ್ನಿಕಲ್ ಪೇಪರುಗಳಲ್ಲಿ ಶೇ 70 ಅಂಕ ಬೇಕು. ಅವನ್ನು ಇಲ್ಲಿರುವಾಗಲೇ ಬರೆದು ಹೋಗುವುದು ಜಾಣತನ. ಅಮೆರಿಕಕ್ಕೆ ಹೋಗುವುದಾದರೆ ವೀಸಾ ಯಾವುದು ನೋಡಿ. ವೃತ್ತಿ ತರಬೇತಿಗೆ ಕೊಡುವ ಎಂ-1 ವೀಸಾದಲ್ಲಿ ಕಲಿತವರಿಗೆ ಅಲ್ಲಿ ಇನ್‌ಸ್ಟ್ರಕ್ಟರ್ ಆಗಿ ಹಾರಾಟದ ಗಂಟೆ ಗಳಿಸಲು ಅವಕಾಶ ತೀರಾ ಕಡಿಮೆ, ಕಾಲೇಜು ಓದಿನ ಎಫ್-1 ಕೊಡಬಲ್ಲ ಕೆಲವೇ ಸ್ಕೂಲುಗಳಲ್ಲಿ ಆ ದಾರಿ ಹೆಚ್ಚು ಸುಲಭ.

ಈ ಗಂಟೆಗಳ ಮಾತು ಯಾಕೆ ಮುಖ್ಯ ಎಂದರೆ, 150 ಗಂಟೆಯ ಲೈಸೆನ್ಸ್ ಹಿಡಿದು ಬಂದವನ ಜೊತೆ ಕೆಲಸಕ್ಕೆ ಸಾಲಿನಲ್ಲಿ ನಿಂತಿರುವವರು ಸೇನೆಯಿಂದ ನಿವೃತ್ತರಾದ, ಸಾವಿರಾರು ಗಂಟೆ ಹಾರಿದ ಪೈಲಟ್‌ಗಳು. ಮುಂಬೈನ ಜುಹುವಿನಿಂದ ಸಮುದ್ರದ ತೈಲ ಬಾವಿಗಳಿಗೆ ಹಾರುವ ಕೆಲಸವೇ ಹೊಸಬರಿಗೆ ಒಳ್ಳೆಯ ಬಾಗಿಲು, ಅಲ್ಲಿ ಎರಡು ಎಂಜಿನ್, ಇಬ್ಬರು ಪೈಲಟ್. ಕೋ-ಪೈಲಟ್ ಆಗಿ ಹಿರಿಯರ ಪಕ್ಕ ಕೂತು ಕಲಿಯಬಹುದು. ಹಾಗಾಗಿ ಸ್ಕೂಲನ್ನು ಕೇಳಿ: ನಿಮ್ಮಲ್ಲಿ ಕಲಿತ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ನಂಬರ್ ಕೊಡಿ. ಗೋಡೆಯ ಮೇಲಿನ ಫೋಟೋ ಸಾಲದು, ಫೋನ್ ಮಾಡಿ ಮಾತಾಡಿ.

ಬೆಟ್ಟದ ಹಾರಾಟದ ಆಸೆ ನಮ್ಮ ಮಕ್ಕಳಿಗೆ ಸಹಜ. ಸುಮಾರು 3,580 ಮೀಟರ್ ಎತ್ತರದ ಕೇದಾರನಾಥದ ದಾರಿಯಲ್ಲಿ 2022ರ ಅಕ್ಟೋಬರಿನಲ್ಲಿ ಒಮ್ಮೆ, 2025ರ ಜೂನಿನಲ್ಲಿ ಮತ್ತೊಮ್ಮೆ, ಹೆಲಿಕಾಪ್ಟರ್ ಬಿದ್ದು ತಲಾ ಏಳು ಜನ ಸತ್ತರು. ಎತ್ತರ, ಬಿಸಿಲು, ಮಂಜು ಈ ಮೂರನ್ನೂ ಸ್ಕೂಲಿನಲ್ಲೇ ಕಲಿಯಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ 30 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ, ಯಂತ್ರದ ಮಟ್ಟಿಗೆ ಅದು ಸುಮಾರು 2,000 ಮೀಟರ್ ಎತ್ತರ. ಕರಾವಳಿಯಲ್ಲಿ ಸಲೀಸಾಗಿ ಹೋವರ್ ಆಗುತ್ತಿದ್ದ ಯಂತ್ರ ಇಲ್ಲಿ ಏದುಸಿರು ಬಿಡುತ್ತದೆ. ಮಂಜಿನ ವಿಷಯ ನಾವು ಹೇಳಿಸಿಕೊಳ್ಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಮಳೆ ಮೋಡ ಹೆಲಿಕಾಪ್ಟರುಗಳ ಕೈಕಟ್ಟಿ ಹಾಕಿದ್ದನ್ನು ಕಂಡವರು ನಾವು. ಹಾರುವುದಿಲ್ಲ ಎಂದು ಇನ್‌ಸ್ಟ್ರಕ್ಟರ್ ಹೇಳಿದ ದಿನ ಮ್ಯಾನೇಜರ್ ಸುಮ್ಮನಿರುತ್ತಾರೋ ಒತ್ತಾಯ ಮಾಡುತ್ತಾರೋ ಎಂದು ಅಲ್ಲಿನ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಮಾತು, ಏಜೆಂಟರು ಹೇಳದೇ ಇರುವುದು. ವಾಯುಪಡೆ ಹಕೀಂಪೇಟೆಯಲ್ಲಿ, ನೌಕಾಪಡೆ ಅರಕ್ಕೋಣಂನ ಐಎನ್‌ಎಸ್ ರಾಜಾಳಿಯಲ್ಲಿ, ಭೂಸೇನೆ ನಾಸಿಕ್‌ನಲ್ಲಿ ಹೆಲಿಕಾಪ್ಟರ್ ಕಲಿಸುತ್ತವೆ, ಸಂಬಳ ಕೊಟ್ಟು. ಕೂಡಿಗೆಯ ಸೈನಿಕ ಶಾಲೆ ಪಕ್ಕದಲ್ಲೇ ಇದೆ, ಮೂರೂ ಪಡೆಗಳ ಅಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಈಗ ಹೆಣ್ಣುಮಕ್ಕಳಿಗೂ ತೆರೆದಿದೆ. ಎನ್‌ಡಿಎಗೆ ಹತ್ತೊಂಬತ್ತೂವರೆ ವರ್ಷ ದಾಟುವಂತಿಲ್ಲ. ಪದವಿಯ ನಂತರ ವಾಯುಪಡೆಯ ಪ್ರವೇಶ ಪರೀಕ್ಷೆಯಾದ ಎಎಫ್‌ಕ್ಯಾಟ್‌ನಲ್ಲಿ ಫ್ಲೈಯಿಂಗ್ ಬ್ರಾಂಚಿಗೆ ಸಾಮಾನ್ಯವಾಗಿ 20ರಿಂದ 24 ವಯಸ್ಸು. ಮಗುವಿಗೆ ಹದಿನೆಂಟು ಆಗಿದ್ದರೆ ಮೊದಲು ಎನ್‌ಡಿಎ ಅರ್ಜಿ ಹಾಕಿಸಿ. ಅಲ್ಲಿ ಆಗದಿದ್ದರೂ ಖಾಸಗಿ ಸ್ಕೂಲಿಗೆ ಸೇರುವ ವಯಸ್ಸು ಮೀರಿರುವುದಿಲ್ಲ.